ಹಳೇ ಕಾರು ನೋಡೋಕೆ ಮೆಕ್ಯಾನಿಕ್ ಒಬ್ರು ಬಂದ್ರೆ ಸಾಕಾ?

ಪ್ರಶ್ನೆ: ನಾವು ಮೈಸೂರಿನವರು. ಮಂಡ್ಯದಲ್ಲಿ ಒಂದು 2016ರ ಡೀಸೆಲ್ ಕಾರು ನೋಡಿಟ್ಟಿದ್ದೀವಿ. ಓನರ್ ಮಗ ಮಾರ್ತಿರೋದು. ಗೊತ್ತಿರೋ ಮೆಕ್ಯಾನಿಕ್‌ಗೆ ತೋರಿಸಿ ಅಡ್ವಾನ್ಸ್ ಕೊಟ್ಟುಬಿಡೋಣ ಅಂತಿದ್ದೀವಿ. ಅಷ್ಟು ಸಾಕಾ?

ಉತ್ತರ: ಮೆಕ್ಯಾನಿಕ್ ಬೇಕೇ ಬೇಕು, ಆದರೆ ಅವರನ್ನು ಕೊನೆಗೆ ಕರೆಯಿರಿ. ಎಂಜಿನ್‌ನಲ್ಲಿ ದೋಷವಿದ್ದರೆ ದುಡ್ಡು ಹಾಕಿ ಸರಿ ಮಾಡಿಸಬಹುದು. ಕಾಗದದಲ್ಲಿ ದೋಷವಿದ್ದರೆ ದುಡ್ಡು ಕೊಟ್ಟ ಮೇಲೂ ಕಾರು ನಿಮ್ಮದಾಗುವುದಿಲ್ಲ.

‘ಓನರ್ ಮಗ’ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡಿ. ತಂದೆ ಇದ್ದಾರಾ? ಇದ್ದರೆ ಮಾಲೀಕತ್ವ ವರ್ಗಾವಣೆಯ ಫಾರಂ 29 (ಎರಡು ಪ್ರತಿ) ಮತ್ತು ಫಾರಂ 30ಕ್ಕೆ ಅವರೇ, ನಿಮ್ಮ ಕಣ್ಣೆದುರೇ, ಸಹಿ ಹಾಕಬೇಕು. ‘ಅಪ್ಪನ ಸಹಿ ನಾನೇ ಹಾಕ್ತೀನಿ ಬಿಡಿ ಸಾರ್’ ಎನ್ನುವ ಮಾತಿಗೆ ತಲೆಯಾಡಿಸಬೇಡಿ. ತಂದೆ ತೀರಿಕೊಂಡಿದ್ದರೆ ಆರ್‌ಸಿ (ನೋಂದಣಿ ಪತ್ರ) ಮೊದಲು ಫಾರಂ 31ರ ಮೂಲಕ ವಾರಸುದಾರರ ಹೆಸರಿಗೆ ಬರಬೇಕು. ಅದಕ್ಕೆ ಮರಣ ಪ್ರಮಾಣಪತ್ರ ಬೇಕು, ಅಣ್ಣತಮ್ಮ ಅಕ್ಕತಂಗಿಯರ ಒಪ್ಪಿಗೆಯೂ ಬೇಕು. ಅದಾದ ಮೇಲೆ ನಿಮ್ಮ ಹೆಸರಿಗೆ. ಆ ಮೊದಲ ಹೆಜ್ಜೆ ಮುಗಿಯುವವರೆಗೆ ಅಡ್ವಾನ್ಸ್ ನಿಮ್ಮ ಜೇಬಿನಲ್ಲೇ ಇರಲಿ.

ಮಿಕ್ಕ ಕಾಗದದ ಕೆಲಸ ಮನೆಯಲ್ಲೇ ಕೂತು ಆಗುತ್ತದೆ. ಗಾಡಿ ನಂಬರ್ ಇಸ್ಕೊಂಡು ಎಂ-ಪರಿವಾಹನ್ ಆಪ್‌ನಲ್ಲಿ ಹಾಕಿ ನೋಂದಣಿ ದಿನಾಂಕ, ಇನ್ಶೂರೆನ್ಸ್, ಸಾಲದ ವಿವರ ನೋಡಿ. ಸಾಲ ತೀರಿಸಿದ್ದೇವೆ ಅಂದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರುವುದು ಬಹಳ ಕಡೆ ಕಾಣುತ್ತದೆ. ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಮತ್ತು ಸಾಲದ ನಮೂದು ತೆಗೆಸುವ ಫಾರಂ 35 ಇಲ್ಲದೆ ಅದು ಹೋಗುವುದಿಲ್ಲ. ಇ-ಚಲನ್ ವೆಬ್‌ಸೈಟಿನಲ್ಲಿ ಬಾಕಿ ದಂಡವನ್ನೂ ನೋಡಿಕೊಳ್ಳಿ. ನಂಬರ್ ಮಂಡ್ಯದ ಕೆಎ-11, ಮೈಸೂರಿನ ಕೆಎ-09, ಕೆಎ-55 ಯಾವುದಾದರೂ ಚಿಂತೆಯಿಲ್ಲ. ಅದೇ ದೆಹಲಿ ನಂಬರ್ ಆಗಿದ್ದರೆ ಕಡಿಮೆ ರೇಟಿಗೆ ಮರುಳಾಗಬೇಡಿ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗೆ ನಿರ್ಬಂಧ ಬಂದ ಮೇಲೆ ಎಷ್ಟೋ ಕಾರು ಬೇರೆ ರಾಜ್ಯಗಳಿಗೆ ಹೋಗಿವೆ. ಇಲ್ಲಿಗೆ ತಂದರೆ ಎನ್‌ಒಸಿ, ಮರುನೋಂದಣಿ, ಕಾರಿನ ವಯಸ್ಸಿನ ಲೆಕ್ಕದಲ್ಲಿ ಲೈಫ್ ಟ್ಯಾಕ್ಸ್ ಎಲ್ಲವೂ ನಿಮ್ಮ ತಲೆಗೇ.

ಕಿಲೋಮೀಟರ್ ವಿಷಯದಲ್ಲಿ ಮೀಟರನ್ನು ನಂಬಬೇಡಿ. ಅದನ್ನು ಹಿಂದಕ್ಕೆ ತಿರುಗಿಸುವುದು ದೊಡ್ಡ ಕೆಲಸವೇನಲ್ಲ. ಕಂಪನಿ ಸರ್ವೀಸ್ ಸೆಂಟರಿನ ಹಳೇ ಬಿಲ್ಲುಗಳಲ್ಲಿ ದಿನಾಂಕದ ಜೊತೆ ಕಿಲೋಮೀಟರ್ ಇರುತ್ತದೆ. ಓನರ್ ಕೈಯಲ್ಲೇ ಕೇಳಿ ತರಿಸಿ. ಮೀಟರ್ 50,000 ತೋರಿಸುತ್ತಿದ್ದು, ಬ್ರೇಕ್ ಪೆಡಲ್ ರಬ್ಬರ್ ನುಣ್ಣಗೆ ಸವೆದು ಸ್ಟೀರಿಂಗ್ ಹೊಳೆಯುತ್ತಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ. ಮೈಸೂರಿನಲ್ಲಿ ಟೂರಿಸ್ಟ್ ಟ್ಯಾಕ್ಸಿಯಾಗಿ ಓಡಿ ಆಮೇಲೆ ವೈಟ್ ಬೋರ್ಡ್ ಆದ ಕಾರುಗಳೂ ಮಾರ್ಕೆಟ್ಟಿನಲ್ಲಿವೆ. ಹಿಂದಿನ ಸೀಟು, ಹಿಂದಿನ ಬಾಗಿಲಿನ ಹ್ಯಾಂಡಲ್ ಮುಂದಿನವಕ್ಕಿಂತ ಹೆಚ್ಚು ಸವೆದಿದ್ದರೆ ಗುಮಾನಿ ಇಟ್ಟುಕೊಳ್ಳಿ.

ಇನ್ನು ಕಾರು ನೋಡುವುದು. ಬೆಳಿಗ್ಗೆ ಹೋಗಿ, ‘ಸ್ಟಾರ್ಟ್ ಮಾಡಬೇಡಿ’ ಎಂದು ಹಿಂದಿನ ದಿನವೇ ಹೇಳಿರಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಇನ್ನೊಂದು ದಿನ ಬನ್ನಿ. ಡೀಸೆಲ್ ಎಂಜಿನ್ನಿನ ಎಷ್ಟೋ ರೋಗಗಳು ತಣ್ಣಗಿರುವಾಗಲೇ ಹೊರಬರುವುದು: ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಲು ಬಿಸಿ ಕೊಡುವ ಗ್ಲೋ ಪ್ಲಗ್ ಹೋಗಿದ್ದರೆ ಸೆಲ್ಫ್ ಹೊಡೆಯುತ್ತಲೇ ಇರಬೇಕಾಗುತ್ತದೆ, ಎಂಜಿನ್ ಒಳಗಿನ ಟೈಮಿಂಗ್ ಚೈನ್ ಸಡಿಲವಾಗಿದ್ದರೆ ಮೊದಲ ಕೆಲವು ಸೆಕೆಂಡ್ ಗರಗರ ಸದ್ದು ಬರುತ್ತದೆ. ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಸ್ವಲ್ಪ ಆವಿ ಬಂದರೆ ಸರಿ. ಪುಸುಪುಸು ಅಂತ ಹೊಗೆ ಒತ್ತಿಕೊಂಡು ಬಂದರೆ ಪಿಸ್ಟನ್ ರಿಂಗ್ ಸವೆದಿದೆ ಎಂದರ್ಥ, ಬೋರಿಂಗ್ ಕೆಲಸದವರೆಗೂ ಹೋಗಬಹುದು. ಮುಚ್ಚಳದ ಒಳಗೆ ಕಾಫಿ ಬಣ್ಣದ ನೊರೆಯಂಥ ಜಿಡ್ಡಿದ್ದರೆ ಆಯಿಲ್ಲಿಗೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಅನುಮಾನ. ಆಯಿಲ್ ಕಪ್ಪಗಿದೆ ಅಂತ ಮಾತ್ರ ಹೆದರಬೇಡಿ, ಡೀಸೆಲ್‌ನಲ್ಲಿ ಅದು ಮಾಮೂಲು. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಟರ್ಬೊ ಇರುವ ಕಾರಿನಲ್ಲಿ ಅದರ ಸೀಲ್ ಕೂಡ ಹೋಗಿರಬಹುದು.

ನೀರಿನಲ್ಲಿ ಮುಳುಗಿದ ಕಾರನ್ನು ಗುರುತಿಸುವುದು ಈ ಭಾಗಕ್ಕೆ ಮುಖ್ಯ. 2022ರ ಆಗಸ್ಟ್‌ನಲ್ಲಿ ರಾಮನಗರದ ಬಳಿ ಹೆದ್ದಾರಿಯಲ್ಲೇ ವಾಹನಗಳು ಮುಳುಗಿದ್ದು ನೆನಪಿರಬಹುದು. ಸೆಪ್ಟೆಂಬರಿನಲ್ಲಿ ಬೆಂಗಳೂರಿನದೂ ಅದೇ ಕಥೆ. ಅಂಥ ಕಾರನ್ನು ತೊಳೆದು ಸೆಂಟ್ ಹೊಡೆದರೆ ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ. ಸೀಟ್ ಬೆಲ್ಟನ್ನು ಪೂರ್ತಿ, ಕೊನೆಯವರೆಗೆ ಎಳೆಯಿರಿ. ಸದಾ ಸುರುಳಿಯೊಳಗೇ ಇರುವ ಆ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಬೆಲ್ಟೇ ಹೊಸದಾಗಿದ್ದರೆ ಯಾಕೆ ಬದಲಾಯಿತು ಅಂತ ಕೇಳಿ. ಆಮೇಲೆ ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಗುಂಡಿ, ಸೀಟಿನ ರೈಲು, ಫ್ಯೂಸ್ ಬಾಕ್ಸ್ ನೋಡಿ. ತುಕ್ಕು, ಕನೆಕ್ಟರ್‌ಗಳ ಮೇಲೆ ಹಸಿರು ಪುಡಿ ಇದ್ದರೆ ವಾಪಸ್ ಬನ್ನಿ. ವೈರಿಂಗ್ ಕೈಕೊಡುವುದು ಆರು ತಿಂಗಳ ಮೇಲೆ, ಅದೂ ಒಂದೊಂದಾಗಿ. ಹೊಲದ ಶೆಡ್ಡಿನಲ್ಲಿ ನಿಂತಿದ್ದ ಕಾರಾದರೆ ಇಲಿ ಕಡಿದ ವೈರನ್ನೂ ಹುಡುಕಿ.

ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ: 2319 ಅಂದರೆ 2019ರ 23ನೇ ವಾರ. ಐದೂ ಟೈರ್ ನೋಡಿ, ಹೊಸ ಸೆಟ್ಟಿನ ಖರ್ಚನ್ನು ಚೌಕಾಸಿಯಲ್ಲಿ ಕಳೆಯಿರಿ.

ಓಡಿಸುವಾಗ ಮಂಡ್ಯದ ಸಮತಟ್ಟಾದ ರಸ್ತೆಯಲ್ಲಿ ಕ್ಲಚ್ ತನ್ನ ಗುಟ್ಟು ಬಿಡುವುದಿಲ್ಲ. ಕಾರು ನಿಲ್ಲಿಸಿ, ಮುಂದೆ ಯಾರೂ ಇಲ್ಲದಿರುವುದನ್ನು ನೋಡಿಕೊಂಡು, ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆದು, ಮೂರನೇ ಗೇರ್ ಹಾಕಿ ಕ್ಲಚ್ ನಿಧಾನ ಬಿಡಿ. ಎಂಜಿನ್ ತಟ್ಟನೆ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಹಂಪ್ ಮೇಲೆ ನಿಧಾನ ಹೋಗುವಾಗ ಕಟಕಟ ಅಂದರೆ ಸಸ್ಪೆನ್ಶನ್‌ನ ಲಿಂಕ್ ರಾಡ್ ಅಥವಾ ಲೋಯರ್ ಆರ್ಮ್ ಬುಷ್ ಸವೆದಿರಬಹುದು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಸುತ್ತು ಹಾಕುವಾಗ ಟಕ್‌ಟಕ್ ಅಂದರೆ ಆಕ್ಸಲ್ ಜಾಯಿಂಟ್. ಇಷ್ಟಾದ ಮೇಲೆ ಮೆಕ್ಯಾನಿಕ್ ಬರಲಿ. ಗಾಡಿ ಲಿಫ್ಟ್ ಮೇಲೆ ಹತ್ತಿಸಿ ಅಡಿಭಾಗ ನೋಡಲಿ, ಸ್ಕ್ಯಾನರ್ ಹಾಕಲಿ.

ವ್ಯಾಪಾರ ಕುದುರಿದರೆ ಡೆಲಿವರಿ ನೋಟ್‌ನಲ್ಲಿ (ಕಾರು ನಿಮ್ಮ ಕೈಗೆ ಕೊಟ್ಟಿದ್ದಕ್ಕೆ ಬರೆಯುವ ಪತ್ರ) ದಿನಾಂಕದ ಜೊತೆ ಗಂಟೆಯನ್ನೂ ಬರೆಸಿ, ಇಬ್ಬರೂ ಸಹಿ ಹಾಕಿ. ಆ ಗಂಟೆಗೆ ಮುಂಚಿನ ದಂಡ, ಅಪಘಾತ ಹಳೇ ಓನರ್‌ದು ಎನ್ನುವುದಕ್ಕೆ ಅದೇ ಆಧಾರ. ಇನ್ಶೂರೆನ್ಸ್ ವರ್ಗಾವಣೆಗೆ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಿ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಓನರ್ ಜೊತೆ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ. ಹಾಗಾಗಿ ಕಂಪನಿ ಒಂದಿಷ್ಟು ಹೆಚ್ಚುವರಿ ಕಟ್ಟಿಸಿಕೊಳ್ಳುತ್ತದೆ. ಹಳೇ ಫಾಸ್ಟ್ಯಾಗ್ ಅನ್ನು ಹಳೇ ಓನರ್ ಕೈಯಲ್ಲೇ ಮುಚ್ಚಿಸಿ ಹೊಸದು ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಗಣಂಗೂರು ಟೋಲ್ ದಾಟಿದಾಗಲೆಲ್ಲ ಅವರ ದುಡ್ಡು ಕಟ್ ಆಗಿ, ಫೋನ್ ನಿಮಗೆ ಬರುತ್ತದೆ.