ಖರ್ಚಿನ ಪುಸ್ತಕದಲ್ಲಿ ಇಲ್ಲದ್ದು

ಚುನಾವಣೆ ಘೋಷಣೆಯಾದರೆ ಸಾಕು, ಶಿವಮೊಗ್ಗದ ನಮ್ಮ ಆಡಿಟ್ ಕಚೇರಿಗೆ ಶಾಮಿಯಾನದ ಬಿಲ್ಲು, ಡೀಸೆಲ್ ಚೀಟಿ, ಚಿತ್ರಾನ್ನದ ಪೊಟ್ಟಣದ ಲೆಕ್ಕ ಬಂದು ಬೀಳತೊಡಗುತ್ತವೆ. ಅಭ್ಯರ್ಥಿಯ ದಿನವಹಿ ಖರ್ಚು ಬರೆದುಕೊಡುವುದು ನಮ್ಮ ಕೆಲಸ. ವಿಧಾನಸಭೆಗಾದರೆ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ಕುರ್ಚಿಗೆಷ್ಟು, ಟೀಗೆಷ್ಟು ಎಂಬ ದರಪಟ್ಟಿ ಜಿಲ್ಲಾ ಚುನಾವಣಾಧಿಕಾರಿಯದು. ಕಡಿಮೆ ತೋರಿಸಿದರೆ ವೀಕ್ಷಕರ ತಂಡ ಅಭ್ಯರ್ಥಿಯ ಖರ್ಚನ್ನು ತಾನೇ ಬೇರೆಯಾಗಿ ಬರೆದಿಡುವ ಶ್ಯಾಡೋ ರಿಜಿಸ್ಟರ್ ಹಿಡಿದುಕೊಡುತ್ತದೆ. ಪಕ್ಷದ ಖರ್ಚಿಗೆ ಮಾತ್ರ ಮಿತಿಯೇ ಇಲ್ಲ, ಆ ಮಾತು ಬೇರೆ.

ಇಷ್ಟು ಬರೆದರೂ ಪ್ರಚಾರ ಹೇಗೆ ನಡೆಯಿತೆಂದು ಆ ಪುಸ್ತಕದಿಂದ ತಿಳಿಯುವುದಿಲ್ಲ. ಕುರ್ಚಿಯ ಬಾಡಿಗೆ ಇರುತ್ತದೆ, ಕೂತವರು ಯಾರೆಂದು ಇರುವುದಿಲ್ಲ. ಸೋರಿದ ಇಮೇಲ್‌ಗಳ ಮೇಲೆ ನನಗೆ ಆಸಕ್ತಿ ಹುಟ್ಟಿದ್ದೇ ಇದರಿಂದ. 2016ರ ಜುಲೈ 22ರಂದು, ಗುಟ್ಟಿನ ದಾಖಲೆಗಳನ್ನು ಬಯಲು ಮಾಡುವ ವಿಕಿಲೀಕ್ಸ್ ತಾಣ ಅಮೆರಿಕದ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಿತಿಯ ಸುಮಾರು 20,000 ಇಮೇಲ್ ಹೊರಹಾಕಿತು. ಆ ಪಕ್ಷದ ಅಧ್ಯಕ್ಷೀಯ ಟಿಕೆಟ್ಟಿಗೆ ಹಿಲರಿ ಕ್ಲಿಂಟನ್ ಎದುರು ಸ್ಪರ್ಧಿಸಿದ್ದ ಬರ್ನಿ ಸ್ಯಾಂಡರ್ಸ್ ವಿರುದ್ಧದ ಪಿಸುಮಾತೇ ದೊಡ್ಡ ಸುದ್ದಿಯಾಗಿ, ಸಮಿತಿಯ ಅಧ್ಯಕ್ಷೆ ಡೆಬ್ಬಿ ವಾಸರ್‌ಮನ್ ಶುಲ್ಟ್ಸ್ ಎರಡೇ ದಿನದಲ್ಲಿ ರಾಜೀನಾಮೆ ಪ್ರಕಟಿಸಿದರು. ನನ್ನ ಕಣ್ಣು ಹೋದದ್ದು ದೇಣಿಗೆ ವಿಭಾಗದ ಪತ್ರವ್ಯವಹಾರಕ್ಕೆ: ಯಾರು ಎಷ್ಟು ಕೊಟ್ಟಿದ್ದಾರೆ, ಒಬಾಮ ಬರುವ ಕೂಟದಲ್ಲಿ ಅವರ ಪಕ್ಕದ ಜಾಗ ಯಾರಿಗೆ ಎಂಬ ಚೌಕಾಶಿ. ಸಾಗರ, ತೀರ್ಥಹಳ್ಳಿ ಕಡೆಯ ಸಭೆಗಳಲ್ಲೂ ಮುಂದಿನ ಸಾಲು ತಾನಾಗಿ ತುಂಬುವುದಿಲ್ಲವಲ್ಲ! ಇಲ್ಲಿ ಅದನ್ನು ಬರೆದಿಡುವವರಿಲ್ಲ, ಫೋನಿನಲ್ಲೇ ಮುಗಿಯುತ್ತದೆ.

ಆದರೆ ಸೋರಿಕೆ ಲೆಕ್ಕಪತ್ರವಲ್ಲ. ಯಾವುದನ್ನು ಯಾವಾಗ ಬಿಡಬೇಕೆಂದು ಬಿಡುವವನು ತೀರ್ಮಾನಿಸಿರುತ್ತಾನೆ. ಹಿಲರಿ ಕ್ಲಿಂಟನ್ ಪ್ರಚಾರದ ಮುಖ್ಯಸ್ಥ ಜಾನ್ ಪೊಡೆಸ್ಟಾರ ಮೇಲ್ ಖಾತೆ, ಪಾಸ್‌ವರ್ಡ್ ಬದಲಿಸಿ ಎಂದು ಗೂಗಲ್ ಹೆಸರಿನಲ್ಲಿ ಬಂದ ಸುಳ್ಳು ಸಂದೇಶದಿಂದ ಕಳ್ಳರ ಕೈಸೇರಿದ್ದು ಅದೇ 2016ರ ಮಾರ್ಚ್‌ನಲ್ಲಿ. ಅದರಲ್ಲಿದ್ದದ್ದು ಹೊರಬರತೊಡಗಿದ್ದು ಅಕ್ಟೋಬರ್ 7ಕ್ಕೆ, ಮತದಾನಕ್ಕೆ ತಿಂಗಳು ಉಳಿದಿದ್ದಾಗ. 2018ರಲ್ಲಿ ಅಮೆರಿಕ ಇದಕ್ಕಾಗಿ ರಷ್ಯಾದ 12 ಸೇನಾ ಗುಪ್ತಚರರ ಮೇಲೆ ಆರೋಪಪಟ್ಟಿ ಹಾಕಿತು. ಫ್ರಾನ್ಸಿನಲ್ಲಿ 2017ರ ಮೇ 7ರ ಮತದಾನಕ್ಕೆ ಎರಡು ದಿನ ಮೊದಲು ಅಧ್ಯಕ್ಷೀಯ ಅಭ್ಯರ್ಥಿ ಮ್ಯಾಕ್ರೋನ್ ಪ್ರಚಾರದ ಮೇಲ್‌ಗಳು ಸೋರಿದವು. ಅಸಲಿಯ ಜೊತೆ ನಕಲಿಯನ್ನೂ ಬೆರೆಸಿದ್ದಾರೆಂದು ಪ್ರಚಾರ ತಂಡ ಹೇಳಿತು. ಮತದಾನಕ್ಕೆ ಮುಂಚಿನ ಪ್ರಚಾರ ನಿಷೇಧದ ಅವಧಿ ಕೆಲವೇ ಗಂಟೆಗಳಲ್ಲಿ ಶುರುವಾದ್ದರಿಂದ ಅಲ್ಲಿನ ಪತ್ರಿಕೆಗಳು ಹೆಚ್ಚೇನೂ ಬರೆಯಲಿಲ್ಲ.

ಮೂಲ ಇಮೇಲ್‌ಗಾದರೆ ಸಾಮಾನ್ಯವಾಗಿ ಕಳಿಸಿದ ಸರ್ವರ್‌ನ ಡಿಜಿಟಲ್ ಸಹಿ ಇರುತ್ತದೆ, ತಿದ್ದಿದರೆ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಪೊಡೆಸ್ಟಾರ ಹಲವು ಮೇಲ್‌ಗಳನ್ನು ಅಸಲಿ ಎಂದು ಗುರುತಿಸಿದ್ದು ಹಾಗೆಯೇ. ನಮ್ಮ ವಾಟ್ಸ್ಆ್ಯಪ್‌ನಲ್ಲಿ ತಿರುಗುವ ಸ್ಕ್ರೀನ್‌ಶಾಟ್‌ಗೆ ಅಂಥದ್ದೇನೂ ಇಲ್ಲ. ‘ಸಾರ್, ಇದು ನಿಜವಾ?’ ಎಂದು ಅದನ್ನು ನನಗೆ ಕಳಿಸುವವರಿಗೆ ನಾನು ಹೇಳುವುದಿಷ್ಟೆ: ಫಲಿತಾಂಶ ಬಂದ 30 ದಿನದೊಳಗೆ ಪ್ರತಿ ಅಭ್ಯರ್ಥಿಯೂ ಲೆಕ್ಕ ಸಲ್ಲಿಸಲೇಬೇಕು. ಜಿಲ್ಲಾ ಚುನಾವಣಾಧಿಕಾರಿ ಕಚೇರಿಯಲ್ಲಿ ಅದನ್ನು ಯಾರು ಬೇಕಾದರೂ ನೋಡಬಹುದು, ನಿಯಮದಲ್ಲಿರುವ ಶುಲ್ಕ ಒಂದು ರೂಪಾಯಿ.