ಪದ ಪರಿಚಯ: ನ್ಯೂಮ್ಯಾಟಿಕ್ ರಿಟ್ರ್ಯಾಕ್ಟ್

ರಿಮೋಟ್‌ನಿಂದ ಹಾರಿಸುವ ಮಾದರಿ ವಿಮಾನಕ್ಕೆ ಆರ್‌ಸಿ ವಿಮಾನ ಅಂತಲೂ, ಹಾರಿದ ಮೇಲೆ ಮಡಚಿಕೊಳ್ಳುವ ಅದರ ಚಕ್ರದ ಕಾಲಿಗೆ ರಿಟ್ರ್ಯಾಕ್ಟ್ ಅಂತಲೂ ಹೆಸರು. ‘ಹೈಡ್ರಾಲಿಕ್ ಲ್ಯಾಂಡಿಂಗ್ ಗೇರ್ ಇರುವ ಆರ್‌ಸಿ ವಿಮಾನ ಮಾರಾಟಕ್ಕಿದೆ’ ಅಂತ ಬೆಂಗಳೂರಿನ ಒಂದು ಜಾಹೀರಾತು. ಫೋಟೊದಲ್ಲಿ ಕಾಣುವುದು ಪುಟ್ಟ ಗಾಳಿ ಟ್ಯಾಂಕು, ಎರಡು ಬಣ್ಣದ ತೆಳು ಟ್ಯೂಬು. ಹನಿ ಎಣ್ಣೆಯೂ ಇಲ್ಲ. ಸ್ವಾಮಿ, ಗಾಳಿಯ ಒತ್ತಡದಿಂದ ಚಕ್ರ ಮಡಚಿದರೆ ಅದು ನ್ಯೂಮ್ಯಾಟಿಕ್. ಬಿಎಂಟಿಸಿ ಬಸ್ಸಿನ ಬಾಗಿಲು ‘ಟುಸ್’ ಅನ್ನುತ್ತಲ್ಲ, ಅದೇ ಜಾತಿ. ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬೇಕಿದ್ದರೆ ರಸ್ತೆ ಅಗೆಯುವ ಜೆಸಿಬಿ ನೋಡಿ.

ಪದಗಳ ಹುಟ್ಟೂ ಕಲಸುಮೇಲೋಗರವೇ. ಗ್ರೀಕಿನ ‘ನ್ಯೂಮಾ’ ಅಂದರೆ ಉಸಿರು, ಗಾಳಿ. ‘ಹೈಡ್ರಾಲಿಕ್’ನಲ್ಲಿ ಇರುವುದು ನೀರು ಮತ್ತು ಕೊಳಲು. ಕೊಳಲು ಎಲ್ಲಿಂದ ಬಂತು ಅಂದರೆ, ಕ್ರಿ.ಪೂ. 3ನೇ ಶತಮಾನದ ಅಲೆಕ್ಸಾಂಡ್ರಿಯದಲ್ಲಿ ಗ್ರೀಕ್ ಯಂತ್ರತಜ್ಞ ಕ್ಟೆಸಿಬಿಯಸ್ ಕಟ್ಟಿದ ‘ಹೈಡ್ರಾಲಿಸ್’ ಎಂಬ ವಾದ್ಯದಿಂದ. ಅದರಲ್ಲಿ ನೀರಿನ ಕೆಲಸ ಒತ್ತಡ ಏರುಪೇರಾಗದಂತೆ ಕಾಯುವುದಷ್ಟೇ. ಕೊಳವೆಗಳಲ್ಲಿ ನುಡಿಯುತ್ತಿದ್ದದ್ದು ಗಾಳಿ. ಹೈಡ್ರಾಲಿಕ್‌ಗೆ ಹೆಸರು ಕೊಟ್ಟದ್ದೇ ಗಾಳಿವಾದ್ಯ! ನ್ಯೂಮ್ಯಾಟಿಕ್ಸ್‌ನ ಪಿತಾಮಹ ಅಂತ ಕರೆಯುವುದೂ ಇದೇ ಕ್ಟೆಸಿಬಿಯಸ್‌ನನ್ನು. ಹಾಗಂತ ಜಾಹೀರಾತು ಬರೆದವರು ಇದನ್ನೆಲ್ಲ ಯೋಚಿಸಿ ಬರೆದರು ಅಂತ ನನಗನಿಸುವುದಿಲ್ಲ. ‘ಹೈಡ್ರಾಲಿಕ್’ ಅಂದರೆ ಮಾತಿಗೆ ತೂಕ ಜಾಸ್ತಿ, ಬೆಲೆಯೂ ಜಾಸ್ತಿ. ನಿಜವಾದ ವಿಮಾನದಲ್ಲೆಲ್ಲ ಹೈಡ್ರಾಲಿಕ್ಕೇ ಅನ್ನುವವರಿಗೆ: ಇಂಡಿಯನ್ ಏರ್‌ಲೈನ್ಸ್ ಹಾರಿಸುತ್ತಿದ್ದ ಫೋಕರ್ ಫ್ರೆಂಡ್‌ಶಿಪ್ ವಿಮಾನ ಚಕ್ರ ಮಡಚುತ್ತಿದ್ದದ್ದು ಗಾಳಿಯಿಂದಲೇ.

ಹೆಸರು ತಪ್ಪಿದರೆ ಫಿಟ್ಟಿಂಗೂ ತಪ್ಪುತ್ತದೆ. ಒತ್ತಿದರೆ ಎಣ್ಣೆ ಹೆಚ್ಚುಕಡಿಮೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಸೈಕಲ್ ಪಂಪಿನಲ್ಲಿ ಟ್ಯಾಂಕಿಗೆ ಸುಮಾರು 100 ಪಿಎಸ್‌ಐ (ಒತ್ತಡದ ಅಳತೆ) ಗಾಳಿ ತುಂಬಿ ರಿಮೋಟಿನ ಸ್ವಿಚ್ ಹಾಕಿದರೆ ಸರ್ವೊ ಅನ್ನುವ ಪುಟ್ಟ ಮೋಟಾರು ವಾಲ್ವನ್ನು ತಿರುಗಿಸುತ್ತದೆ. ಕಾಲು ಒಂದು ಕ್ಷಣ ತಡವರಿಸಿ, ಆಮೇಲೆ ಫಟ್ಟಂತ ಬಡಿಯುತ್ತದೆ. ಅದಕ್ಕೇ ಟ್ಯೂಬಿನ ನಡುವೆ ಗಾಳಿಯ ಓಟ ತಗ್ಗಿಸುವ ರಿಸ್ಟ್ರಿಕ್ಟರ್ ಹಾಕುವುದು. ರೆಕ್ಕೆಯ ಬಾಲ್ಸಾಗೆ, ಅಂದರೆ ಹಗುರ ಮೆದು ಮರಕ್ಕೆ, ನೇರ ಹೊಡೆದ ಸ್ಕ್ರೂ ಆ ಬಡಿತಕ್ಕೇ ಸಡಿಲವಾಗುತ್ತದೆ, ವಿಮಾನ ಇಳಿಯುವಾಗ ಕಾಲು ಕಿತ್ತು ಬರುತ್ತದೆ. ಗಟ್ಟಿ ಮರದ ಪಟ್ಟಿಯೇ ಬೇಕು.

ಇನ್ನೊಂದು ತಪ್ಪು ತಿಳಿವಳಿಕೆ: ಇಳಿಯುವಾಗ ವಿಮಾನದ ಭಾರವನ್ನು ಗಾಳಿ ಹೊರುತ್ತದೆ ಅನ್ನುವುದು. ಇಲ್ಲ. ಗಾಳಿ ಕಾಲನ್ನು ಆ ಕೊನೆಗೆ ತಳ್ಳುತ್ತದೆ. ಅಲ್ಲಿ ಪಿನ್ನು ತೋಡಿನಲ್ಲಿ ಕೂತು ಲಾಕ್ ಆಗುತ್ತದೆ, ಭಾರ ಹೊರುವುದು ಆ ಲಾಕು. ಆದ್ದರಿಂದ ಗಾಳಿ ಸೋರಿದರೂ ಇಳಿದ ಕಾಲು ಮಡಚಿಕೊಳ್ಳುವುದಿಲ್ಲ. ಮಡಚಿದ ಕಾಲು ಇಳಿಯದಿರುವುದೇ ತಲೆನೋವು. ಸ್ಪ್ರಿಂಗ್‌ನಿಂದ ಇಳಿಯುವ ಬಗೆಯಾದರೆ ಗಾಳಿ ಹೋದಾಗ ಕಾಲು ತಾನೇ ಇಳಿಯುತ್ತದೆ. ಮಡಚುವುದಕ್ಕೂ ಇಳಿಸುವುದಕ್ಕೂ ಗಾಳಿಯೇ ಆದರೆ ವಿಮಾನವನ್ನು ಹೊಟ್ಟೆ ಮೇಲೆ ಇಳಿಸಬೇಕು. ಕೊಳ್ಳುವ ಮುಂಚೆ ಕೇಳಬೇಕಾದ್ದು ಇದನ್ನು. ಟ್ಯೂಬಿನ ತುದಿ ಬ್ಲೇಡಿನಲ್ಲಿ ನೇರ ಕತ್ತರಿಸಿ, ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ.

ಲ್ಯಾಂಡಿಂಗ್ ಗೇರ್ ಮಾತಿನಲ್ಲೇ ಬರುವ ‘ಓಲಿಯೊ’ ಅನ್ನುವುದು ಬೇರೆಯೇ ಸಾಮಾನು. ಅದು ಕಾಲಿನೊಳಗಿನ ಶಾಕ್ ಅಬ್ಸಾರ್ಬರ್. ಚಕ್ರ ಮಡಚುವುದಕ್ಕೂ ಅದಕ್ಕೂ ಸಂಬಂಧವಿಲ್ಲ.