ಹತ್ತು ಮೀಟರ್ ಅಂತರದ ಲೆಕ್ಕ

ಸೋಮವಾರ ದಾವಣಗೆರೆಯ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ ಬರುವವರಲ್ಲಿ ಭಾನುವಾರದ ಸೈಕಲ್ ಸವಾರರು ಇದ್ದೇ ಇರುತ್ತಾರೆ. ಮಂಡಿ, ಸೊಂಟ, ಕುತ್ತಿಗೆ, ಏನೋ ಒಂದು ಹಿಡಿದುಕೊಂಡಿರುತ್ತದೆ. ನೋವಿನ ಮಾತು ಮುಗಿದು, ಎದ್ದು ಹೊರಡುವ ಹೊತ್ತಿಗೆ ನಿಜವಾದ ದೂರು ಹೊರಗೆ ಬರುತ್ತದೆ: "ಡಾಕ್ಟ್ರೇ, ಗುಂಪಿನ ಜೊತೆ ಹೋಗೋಕೇ ಆಗ್ತಿಲ್ಲ. ಆನಗೋಡು ದಾಟೋದ್ರೊಳಗೆ ನಾನೊಬ್ಬನೇ ಆಗಿರ್ತೀನಿ. ಕಾಲಿಗೆ ಶಕ್ತಿ ಬರೋಕೆ ಏನ್ ಮಾಡ್ಬೇಕು?"

ಪರೀಕ್ಷೆ ಮಾಡಿ ನೋಡಿದರೆ ಬಹಳ ಜನರ ಕಾಲು ಚೆನ್ನಾಗಿಯೇ ಇರುತ್ತದೆ. ಶಕ್ತಿ ಸಾಲದೆ ಹಿಂದೆ ಬೀಳುವವರು ಕಡಿಮೆ. ಇರುವ ಶಕ್ತಿಯನ್ನು ಬೇಡದ ಕಡೆ ಸುರಿದು ಹಿಂದೆ ಬೀಳುವವರೇ ಜಾಸ್ತಿ.

ಮೊದಲು ಗಾಳಿಯ ಲೆಕ್ಕ ನೋಡೋಣ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗುವಾಗ ನೀವು ಪೆಡಲ್‌ಗೆ ಹಾಕುವ ಶಕ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ವೇಗ 28ರಿಂದ 32ಕ್ಕೆ ಏರಿದರೆ ಜಾಸ್ತಿಯಾದ ವೇಗ ಏಳರಲ್ಲಿ ಒಂದು ಪಾಲು ಮಾತ್ರ. ಗಾಳಿಗೆ ತೆರಬೇಕಾದ ಶಕ್ತಿ ಮಾತ್ರ ಹೆಚ್ಚೂಕಡಿಮೆ ಒಂದೂವರೆ ಪಟ್ಟಾಗುತ್ತದೆ. ಅದೇ ಮುಂದಿನವರ ಹಿಂಚಕ್ರದಿಂದ ಒಂದು ಮೀಟರ್ ಒಳಗೆ, ಅವರ ಗಾಳಿ ಮರೆಯಲ್ಲಿ ಇದ್ದರೆ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಶಕ್ತಿ ಉಳಿಯುತ್ತದೆ. ಒಂಟಿಯಾಗಿ 27ಕ್ಕೆ ಏದುಸಿರು ಬಿಡುವವರು ಗುಂಪಿನೊಳಗೆ 30ಕ್ಕೆ ಆರಾಮಾಗಿ ಹೋಗುವುದು ಇದರಿಂದಲೇ.

ಈಗ ಆ ಮರೆ ತಪ್ಪಿತು ಅಂದುಕೊಳ್ಳಿ. ಗುಂಪು 32ರಲ್ಲಿ ಹೋಗುತ್ತಿದೆ, ನಿಮಗೂ ಅದಕ್ಕೂ ಹತ್ತು ಮೀಟರ್ ಅಂತರ ಬಿತ್ತು. ಅದನ್ನು ಮುಚ್ಚಲು ನೀವು 34ರಲ್ಲಿ ಹೋದರೆ 18 ಸೆಕೆಂಡು ಬೇಕು. ಸರಿ, ಹಲ್ಲು ಕಚ್ಚಿ ಹೋಗಬಹುದು. ಅಂತರ 50 ಮೀಟರ್ ಆಯಿತೋ, 90 ಸೆಕೆಂಡು ಬೇಕು. ಆ ಒಂದೂವರೆ ನಿಮಿಷ ನೀವು ಗುಂಪಿನ ಮುಂದೆ ಗಾಳಿ ಹೊಡೆಸಿಕೊಳ್ಳುತ್ತಿರುವವರಿಗಿಂತಲೂ ಜಾಸ್ತಿ ದುಡಿಯುತ್ತಿರುತ್ತೀರಿ. ಅಂದರೆ ಗುಂಪಿನಲ್ಲಿ ಎಲ್ಲರಿಗಿಂತ ಸುಸ್ತಾದವರು ಎಲ್ಲರಿಗಿಂತ ಕಷ್ಟದ ಕೆಲಸ ಮಾಡಬೇಕು. ಹಾಗಾಗಿ ಅಂತರ ಒಂದು ಮೀಟರ್‌ನಿಂದ ಮೂರು ಮೀಟರ್ ಆಗುವಾಗಲೇ ಎರಡು ಸಲ ಜೋರಾಗಿ ತುಳಿದು ಮುಚ್ಚಿಬಿಡಿ. "ಆಮೇಲೆ ಹಿಡಿದರಾಯ್ತು" ಅನ್ನುವ ಯೋಚನೆ ಇಲ್ಲಿ ನಡೆಯುವುದಿಲ್ಲ.

ಈ ಅಂತರ ಹುಟ್ಟುವುದು ಎಲ್ಲಿ? ನಮ್ಮ ಕಡೆ ಮುಖ್ಯವಾಗಿ ಹಂಪ್‌ಗಳಲ್ಲಿ. ಸಂತೇಬೆನ್ನೂರು ಕಡೆ ಹೊರಟು ನೋಡಿ, ಊರು ಬಂತು ಅಂದರೆ ಹಂಪ್ ಬಂತು. ಹತ್ತು ಜನರ ಸಾಲು, ಉದ್ದ ಸುಮಾರು 25 ಮೀಟರ್. ಹಂಪ್ ಹತ್ತಿರ ಎಲ್ಲರೂ 12ಕ್ಕೆ ಇಳಿಯುತ್ತಾರೆ. ಮೊದಲನೆಯವರು ದಾಟಿದ ಕೂಡಲೇ 30ಕ್ಕೆ ಏರಿಬಿಡುತ್ತಾರೆ. ಆದರೆ ಕೊನೆಯವರು ಹಂಪ್ ಮುಟ್ಟುವುದು ಏಳೆಂಟು ಸೆಕೆಂಡು ಆದಮೇಲೆ. ಅಷ್ಟರಲ್ಲಿ 25 ಮೀಟರ್ ಸಾಲು ಎಳೆದುಕೊಂಡು 60 ಮೀಟರ್ ಆಗಿರುತ್ತದೆ. ಮೊದಲನೆಯವರಿಗೆ ಏನೂ ಗೊತ್ತಾಗುವುದಿಲ್ಲ, ಅವರು ಮಾಮೂಲಿ 30ರಲ್ಲೇ ಇದ್ದಾರೆ. ಕೊನೆಯವರು ಮಾತ್ರ ಅರ್ಧ ನಿಮಿಷ 34ರಲ್ಲಿ ಓಡಿಸಬೇಕು. ಇಂಥ ಹಂಪ್ ದಾರಿಯುದ್ದಕ್ಕೂ ಬರುತ್ತಿದ್ದರೆ ಯಾವ ಕಾಲು ತಾನೇ ತಡೆದೀತು?

ಭಯದಿಂದಲೋ ಸಂಕೋಚದಿಂದಲೋ ಹೊಸಬರು ಸಾಲಿನ ಕೊನೆಗೇ ಹೋಗಿ ಸೇರಿಕೊಳ್ಳುತ್ತಾರೆ. "ನಾನು ಹಿಂದೆ ಇರ್ತೀನಿ ಬಿಡಿ, ನಿಮಗ್ಯಾಕೆ ತೊಂದರೆ" ಅಂತ. ಸಾಲಿನಲ್ಲಿ ಅದಕ್ಕಿಂತ ಕಷ್ಟದ ಜಾಗ ಇಲ್ಲ. ಮೂರನೆಯವರೋ ನಾಲ್ಕನೆಯವರೋ ಆಗಿ ಇರಿ. ಹಂಪ್ ಕಾಣುತ್ತಲೇ ಗೇರ್ ಹಗುರ ಮಾಡಿ. ದಾಟಿದ ಮೇಲೆ ಭಾರದ ಗೇರ್‌ನಲ್ಲಿ ಎದ್ದು ನಿಂತು ತುಳಿಯುವುದರಿಂದಲೂ ಮಂಡಿಯ ಮುಂಭಾಗ ನೋಯುತ್ತದೆ. ಕೊನೆಯಲ್ಲಿರಲೇಬೇಕು ಅಂದರೆ ಹಂಪ್‌ಗೆ ಮುಂಚೆ ಎರಡು ಮೂರು ಮೀಟರ್ ಬೇಕಂತಲೇ ಬಿಟ್ಟು, ಬ್ರೇಕ್ ಕಡಿಮೆ ಹಿಡಿದು, ವೇಗ ಪೂರ್ತಿ ಸಾಯದಂತೆ ದಾಟಿ. ಇನ್ನು ಮುಂದೆ ಇರುವ ಜೋರಿನ ಸವಾರರಿಗೆ ಒಂದು ಮಾತು: ಹಂಪ್ ದಾಟಿದ ಮೇಲೆ ಹತ್ತು ಸೆಕೆಂಡು ಸುಮ್ನೆ ಹಗುರವಾಗಿ ತುಳಿಯಿರಿ. ಸಾಲು ತಾನೇ ಕೂಡಿಕೊಳ್ಳುತ್ತದೆ. ಮುಂದಿನ ಊರಲ್ಲಿ ನಿಂತು ಹತ್ತು ನಿಮಿಷ ಕಾಯುವುದೂ ತಪ್ಪುತ್ತದೆ.

ಸುಗ್ಗಿ ಕಾಲದಲ್ಲಿ ಹಂಪ್ ಜೊತೆಗೆ ಮೆಕ್ಕೆಜೋಳವೂ ಸೇರಿಕೊಳ್ಳುತ್ತದೆ. ಅರ್ಧ ರಸ್ತೆಗೆ ಕಾಳು ಹರವಿ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಮುಂದಿನವರ ಚಕ್ರವನ್ನೇ ದಿಟ್ಟಿಸುತ್ತಾ ಹೋದರೆ ಆ ಕಲ್ಲು ಕಾಣುವುದು ಕೊನೇ ಗಳಿಗೆಯಲ್ಲಿ. ಅವರ ಭುಜದ ಮೇಲಿಂದ, ಇನ್ನೂ ಇಬ್ಬರ ಆಚೆಗೆ ನೋಡುವುದನ್ನು ರೂಢಿ ಮಾಡಿಕೊಳ್ಳಿ. ನಿಮ್ಮ ಮುಂಚಕ್ರ ಅವರ ಹಿಂಚಕ್ರದ ಪಕ್ಕಕ್ಕೆ ಮಾತ್ರ ಹೋಗಬಾರದು. ತಾಗಿದರೆ ಬೀಳುವುದು ಹಿಂದಿನವರೇ. ಒಂದು ಮೀಟರ್ ಭಯ ಅನಿಸಿದರೆ ಎರಡು ಮೀಟರ್‌ನಲ್ಲೇ ಶುರು ಮಾಡಿ. ಅಷ್ಟಕ್ಕೂ ಸಾಕಷ್ಟು ಮರೆ ಸಿಗುತ್ತದೆ.

ಮುಂದೆ ಗಾಳಿ ಹೊಡೆಸಿಕೊಳ್ಳುವ ಸರದಿ ನಿಮಗೆ ಬಂದಾಗ ವೇಗ ಏರಿಸಬೇಡಿ. ನಮ್ಮವರಿಗೆ ಮುಂದೆ ಬಂದ ಕೂಡಲೇ ಏನೋ ಹುರುಪು ಬರುತ್ತದೆ. 30 ಸೆಕೆಂಡು ಇದ್ದು ಪಕ್ಕಕ್ಕೆ ಸರಿದರೆ ಯಾರೂ ಏನೂ ಅನ್ನುವುದಿಲ್ಲ. ಸರಿದ ಮೇಲೆ ಇನ್ನೊಂದು ಅಪಾಯದ ಜಾಗ ಇದೆ. ನೀವು ನಿಧಾನವಾಗಿ ಹಿಂದಕ್ಕೆ ಜಾರುತ್ತಿರುತ್ತೀರಿ, ಸಾಲು ಪಕ್ಕದಲ್ಲಿ ಹೋಗುತ್ತಿರುತ್ತದೆ. ಕೊನೆಯವರು ದಾಟಿದ ಮೇಲೆ ತುಳಿಯಲು ಶುರು ಮಾಡಿದರೆ ತಡವಾಯಿತು. ಅವರ ಮುಂಚಕ್ರ ನಿಮ್ಮ ಪಕ್ಕಕ್ಕೆ ಬಂದಾಗಲೇ ವೇಗ ಏರಿಸಿ ಅವರ ಹಿಂದೆ ಸೇರಿಕೊಳ್ಳಬೇಕು.

ಗಾಳಿಯ ದಿಕ್ಕನ್ನೂ ಮನೆಯಿಂದಲೇ ಲೆಕ್ಕ ಹಾಕಿ ಹೊರಡಿ. ಹರಿಹರ ನಮಗೆ ಪಶ್ಚಿಮಕ್ಕೆ. ಮುಂಗಾರಿನಲ್ಲಿ ಹೋಗುವಾಗ ಎದುರುಗಾಳಿ, ಬರುವಾಗ ಗಾಳಿಯೇ ತಳ್ಳುತ್ತದೆ. ಚಳಿಗಾಲದ ಮೂಡಣ ಗಾಳಿಯಲ್ಲಿ ಇದು ತಿರುಗುಮುರುಗು. ತುಂಗಭದ್ರಾ ಸೇತುವೆವರೆಗೆ ಹಾರಿಕೊಂಡು ಹೋಗಿ, "ಇವತ್ತು ಕಾಲು ಜೋರಾಗಿದೆ" ಅಂದುಕೊಂಡವರು ವಾಪಸ್ ಬರುವಾಗ ಎಲ್ಲರಿಗಿಂತ ಹಿಂದೆ ಇರುತ್ತಾರೆ. ಚಿತ್ರದುರ್ಗದ ದಾರಿ ಬೇರೆ ಥರ. ಅಲ್ಲಿ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ಮುಂಗಾರಿನಲ್ಲಿ ದುರ್ಗಕ್ಕೆ ಹೋಗುವಾಗ ಅಡ್ಡಗಾಳಿ ಬಲಗಡೆಯಿಂದ ಬರುತ್ತದೆ. ಆಗ ಮರೆ ಸಿಗುವುದು ಮುಂದಿನವರ ನೇರ ಹಿಂದೆ ಅಲ್ಲ, ಸ್ವಲ್ಪ ಎಡಕ್ಕೆ. ಸರ್ವಿಸ್ ರಸ್ತೆಯ ಅಗಲದಲ್ಲಿ ಹಾಗೆ ಓರೆಯಾಗಿ ಮೂರು ನಾಲ್ಕು ಜನಕ್ಕೆ ಮಾತ್ರ ಜಾಗ. ಐದನೆಯವರು ಜಲ್ಲಿ ಅಂಚಿನಲ್ಲಿ ಒದ್ದಾಡುತ್ತಾರೆ. ಒದ್ದಾಡುವ ಬದಲು ಹಿಂದಿನ ಇಬ್ಬರು ಮೂವರನ್ನು ಕೂಗಿ, ನೀವೇ ಎರಡನೇ ಓರೆ ಸಾಲು ಕಟ್ಟಿ. ವಾಪಸ್ ಬರುವಾಗ ಗಾಳಿ ಎಡಗಡೆಯಿಂದ ಬರುತ್ತದೆ, ಮರೆ ಬಲಕ್ಕೆ, ಲಾರಿಗಳು ಓಡುವ ಕಡೆಗೆ. ಆ ಮರೆಯ ಆಸೆ ಬಿಟ್ಟು, ಒಂದೇ ಸಾಲಾಗಿ, ವೇಗ ಇಳಿಸಿ ಬನ್ನಿ.

ಜೋಗಿಮಟ್ಟಿಯಂಥ ಏರಿನಲ್ಲಿ ಮರೆಯಿಂದ ಹೆಚ್ಚು ಲಾಭ ಇಲ್ಲ, ವೇಗವೇ ಅಷ್ಟು ಕಡಿಮೆ. ಏರು ಶುರುವಾಗುವಾಗ ಗುಂಪಿನ ಮುಂದೆ ಇರಿ, ಹತ್ತುತ್ತಾ ನಿಧಾನವಾಗಿ ಹಿಂದಕ್ಕೆ ಜಾರಿ. ಏರು ಮುಗಿದಾಗ ಗುಂಪಿನ ಬಾಲದಲ್ಲಾದರೂ ಇರುತ್ತೀರಿ. ಸೈಕಲ್ ಬದಲಿಸಬೇಕಾ ಅಂತ ಕೇಳುತ್ತಾರೆ. ನೀವು 70 ಕೆ.ಜಿ., ಸೈಕಲ್ 12 ಕೆ.ಜಿ. ಇದ್ದರೆ, ಲಕ್ಷ ಸುರಿದು 2 ಕೆ.ಜಿ. ಇಳಿಸಿದರೂ ಒಟ್ಟು ತೂಕದಲ್ಲಿ ಉಳಿಯುವುದು ನೂರಕ್ಕೆ ಎರಡೂವರೆ ಪಾಲಿಗಿಂತ ಕಡಿಮೆ. ಮೊದಲು ಗಂಟು ಗಂಟಿನ ದಪ್ಪ ಟೈರ್ ತೆಗೆದು ನುಣುಪಿನ ಟೈರ್ ಹಾಕಿಸಿ. ಶನಿವಾರ ರಾತ್ರಿ ಟೈರಿನ ಗಾಳಿ ನೋಡಿ.

ಸೀಟಿನ ಎತ್ತರಕ್ಕೆ ಕ್ಲಿನಿಕ್ಕೇ ಬೇಕಿಲ್ಲ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಕೆಳಗಿರುವ ಪೆಡಲ್ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು, ಸೊಂಟ ವಾಲಬಾರದು. ಆಮೇಲೆ ಮುಂಗಾಲಿನಲ್ಲಿ ತುಳಿದರೆ ಮಂಡಿ ಬೇಕಾದಷ್ಟು ಮಡಚಿರುತ್ತದೆ. ಸೀಟು ತಗ್ಗಾದರೆ ಮಂಡಿಯ ಮುಂದೆ ನೋವು, ಎತ್ತರವಾದರೆ ಹಿಂದೆ.

ಊಟದ ವಿಷಯ. ಬೆಳಿಗ್ಗೆ ಐದೂವರೆಗೆ ಬರೀ ಕಾಫಿ ಕುಡಿದು ಹೊರಟವರ ಕಾಲು ಎರಡನೇ ಗಂಟೆಯಲ್ಲಿ ಕೈಕೊಡುತ್ತದೆ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ದೊಡ್ಡ ಪಚ್ಚಬಾಳೆ ಒಂದರಲ್ಲಿ ಸುಮಾರು 25 ಗ್ರಾಂ ಸಿಗುತ್ತದೆ, ಏಲಕ್ಕಿ ಬಾಳೆಯಾದರೆ ಎರಡು ಬೇಕು. ಹಸಿವಾದ ಮೇಲಲ್ಲ, ಮೊದಲ 40 ನಿಮಿಷಕ್ಕೇ ಶುರು ಮಾಡಿ. ಬೆಣ್ಣೆ ದೋಸೆ ಸವಾರಿ ಮುಗಿದ ಮೇಲೆ. ಅರ್ಧ ದಾರಿಯಲ್ಲಿ ತಿಂದರೆ ಆ ಬೆಣ್ಣೆ ಹೊಟ್ಟೆಯಲ್ಲೇ ಕೂತಿರುತ್ತದೆ.

ಇಷ್ಟೆಲ್ಲ ಮಾಡಿಯೂ ಸಾಲದಿದ್ದರೆ ಆಗ ಕಾಲಿನ ಶಕ್ತಿಯ ಮಾತು. ಅದು ಭಾನುವಾರ ಬರುವುದಿಲ್ಲ. ವಾರದ ನಡುವೆ ಒಂದು ದಿನ 8 ನಿಮಿಷದ ಮೂರು ಸುತ್ತು, ಮೂರು ನಾಲ್ಕು ಪದ ಆಡಬಹುದು, ಪೂರ್ತಿ ವಾಕ್ಯ ಆಗುವುದಿಲ್ಲ ಅನ್ನುವಷ್ಟು ಜೋರಾಗಿ. ನಡುವೆ 4 ನಿಮಿಷ ಹಗುರ. ಕೊನೆಗೆ 12ರಿಂದ 30ಕ್ಕೆ ಆರು ಸಲ ಚುರುಕಾಗಿ ಏರಿಸಿ, ಹಂಪ್‌ಗೆ ಇದೇ ತಯಾರಿ. ಇನ್ನೊಂದು ದಿನ ಒಂದು ಗಂಟೆ ಮಾತಾಡಿಕೊಂಡು ಹೋಗುವಷ್ಟು ನಿಧಾನ. ಕುಂದುವಾಡ ಕೆರೆ ಹತ್ತಿರ ಮಾತ್ರ ಈ ಜೋರು ಬೇಡ, ಅಲ್ಲಿ ವಾಕಿಂಗ್‌ನವರು ಇರುತ್ತಾರೆ. ಫಲ ಕಾಣಲು ಆರರಿಂದ ಎಂಟು ವಾರ ಕೊಡಿ.

ಮೊದಲು ಗುಂಪಿನ ಜೊತೆ ಸಲೀಸಾಗಿ ಹೋಗುತ್ತಿದ್ದವರು ಒಂದೆರಡು ತಿಂಗಳಲ್ಲಿ ಹಿಂದೆ ಬೀಳತೊಡಗಿದರೆ ನಾನು ವ್ಯಾಯಾಮ ಹೇಳುವುದಿಲ್ಲ, ರಕ್ತ ಪರೀಕ್ಷೆಗೆ ಕಳಿಸುತ್ತೇನೆ. ಹಿಮೋಗ್ಲೋಬಿನ್ ಗಂಡಸರಿಗೆ 13, ಹೆಂಗಸರಿಗೆ 12ಕ್ಕಿಂತ ಕೆಳಗಿದ್ದರೆ ಅದು ರಕ್ತಹೀನತೆ. ಜೊತೆಗೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ಥೈರಾಯ್ಡ್ ಕೂಡ ನೋಡಿಸಬೇಕು. ಸಸ್ಯಾಹಾರಿಗಳು ಬಿ12 ಮರೆಯಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಉದ್ದದ ಸವಾರಿಗೆ ಮುಂಚೆ ತಮ್ಮ ವೈದ್ಯರನ್ನು ಕೇಳಿಕೊಳ್ಳಬೇಕು. ಇನ್ನು ತುಳಿಯುವಾಗ ಎದೆ ಬಿಗಿದರೆ, ನೋವು ದವಡೆಗೋ ಎಡಗೈಗೋ ಹರಿದರೆ, ಕಣ್ಣು ಕತ್ತಲೆ ಬಂದರೆ ಗುಂಪು ಹೋಗಲಿ ಬಿಡಿ. ಅಲ್ಲೇ ರಸ್ತೆ ಪಕ್ಕ ಕೂತು ಒಬ್ಬರನ್ನು ಕೂಗಿ ನಿಲ್ಲಿಸಿಕೊಳ್ಳಿ, 108ಕ್ಕೆ ಫೋನ್ ಮಾಡಿಸಿ.